ಯೋಗ ತರಗತಿಗೆ ಚಕ್ರ ಬಂದಾಗ: ಕಲಿಸುವುದೇನು, ಹೇಳಬಾರದ್ದೇನು

ಮುಳ್ಳಯ್ಯನಗಿರಿ ದಾರಿಯ ಹೋಮ್‌ಸ್ಟೇಯ ವಾರಾಂತ್ಯ ಶಿಬಿರವಿರಲಿ, ಹಾಸನದ ಬಡಾವಣೆಯ ಸಮುದಾಯ ಭವನದಲ್ಲಿ ಬೆಳಗಿನ ಐದೂವರೆಗೆ ಸೇರುವ ತರಗತಿಯಿರಲಿ, ಗೋಡೆಯ ಮೇಲೆ ಒಂದು ಪಟ ಕಾಣುತ್ತದೆ. ಪದ್ಮಾಸನದಲ್ಲಿ ಕೂತ ಆಕೃತಿ, ಬೆನ್ನುಹುರಿಯ ಉದ್ದಕ್ಕೂ ಏಳು ಬಣ್ಣದ ಏಳು ಚಕ್ರ (ಮೈಯೊಳಗಿವೆ ಎಂದು ಯೋಗಶಾಸ್ತ್ರ ಹೇಳುವ ಸೂಕ್ಷ್ಮ ಕೇಂದ್ರಗಳು), ಪಕ್ಕದಲ್ಲಿ ಒಂದೊಂದಕ್ಕೂ ಒಂದು ಗ್ರಂಥಿ, ಒಂದು ಭಾವನೆ, ಒಂದಷ್ಟು ಕಾಯಿಲೆ. ಆಸನ, ಪ್ರಾಣಾಯಾಮ ಹೇಳಿಕೊಡುತ್ತಿದ್ದವರು ಈಗ ಚಕ್ರವನ್ನೂ ಸೇರಿಸುತ್ತಿದ್ದಾರೆ. ಕೆಲವರು ಅದನ್ನೇ ಚಿಕಿತ್ಸೆ ಎಂದು ಕೊಡುತ್ತಿದ್ದಾರೆ.

ಸೇರಿಸುವುದು ತಪ್ಪಲ್ಲ. ಸರಿಯಾಗಿ ಕಲಿಸಿದರೆ, ಅಲೆಯುವ ಮನಸ್ಸನ್ನು ಮೈಯೊಳಗೇ ಒಂದು ಕಡೆ ನಿಲ್ಲಿಸಲು ಚಕ್ರದಷ್ಟು ಒಳ್ಳೆಯ ಆಸರೆ ಇನ್ನೊಂದು ಸಿಗುವುದು ಕಷ್ಟ. ಶಾಸ್ತ್ರ ಅದನ್ನು ಇಟ್ಟಿದ್ದೂ ಧಾರಣೆಗಾಗಿಯೇ, ಅಂದರೆ ಹೀಗೆ ಮನಸ್ಸು ನಿಲ್ಲಿಸುವುದಕ್ಕಾಗಿಯೇ. ಆ ಪಟವನ್ನು ಸ್ಕ್ಯಾನಿಂಗ್ ರಿಪೋರ್ಟಿನಂತೆ ಓದಲು ಹೊರಟಾಗ ತೊಂದರೆ ಶುರುವಾಗುತ್ತದೆ.

ಪಟದ ಬಣ್ಣ ಎಲ್ಲಿಂದ ಬಂತು

ಇಂದು ಎಲ್ಲೆಡೆ ನಡೆಯುವ ‘ಆರು ಚಕ್ರ, ಮೇಲೆ ನೆತ್ತಿಯಲ್ಲಿ ಸಹಸ್ರಾರ’ ಎಂಬ ಲೆಕ್ಕಕ್ಕೆ ಮುಖ್ಯ ಆಕರ ಬಂಗಾಳದ ಪೂರ್ಣಾನಂದ ಯತಿಗಳು 1577ರಲ್ಲಿ ಬರೆದ ‘ಷಟ್ಚಕ್ರನಿರೂಪಣ’. ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾಗಿದ್ದ ಜಾನ್ ವುಡ್ರೋಫ್ 1919ರಲ್ಲಿ ಅದನ್ನು ಇಂಗ್ಲಿಷಿಗೆ ತಂದ ಮೇಲೆ ಹೊರದೇಶಗಳಿಗೆ ಹಬ್ಬಿತು. ಆ ಗ್ರಂಥದಲ್ಲಿ ಒಂದೊಂದು ಚಕ್ರವೂ ಒಂದು ಕಮಲ. ಹೊಕ್ಕುಳಿನ ಬಳಿಯ ಮಣಿಪೂರದ ಹತ್ತು ದಳಗಳಿಗೆ ಮಳೆ ಹೊತ್ತ ಮೋಡದ ಬಣ್ಣ, ನಡುವಿನ ಅಗ್ನಿಯ ತ್ರಿಕೋಣಕ್ಕೆ ಕೆಂಪು. ಗೋಡೆಯ ಪಟದಲ್ಲಿ ಅದು ಹಳದಿ. ಎದೆಯ ಅನಾಹತದ ಹನ್ನೆರಡು ದಳ ಬಂದುಗೆ ಹೂವಿನ ಕೆಂಪು, ನಡುವಿನ ಷಟ್ಕೋಣ ಹೊಗೆಬಣ್ಣ, ಪಟದಲ್ಲಿ ಹಸಿರು. ಬೆನ್ನುಹುರಿಯ ಬುಡದ ಮೂಲಾಧಾರದ ದಳಗಳೇನೋ ಕೆಂಪು, ಆದರೆ ನಡುವಿನ ಪೃಥ್ವಿಯ ಚೌಕ ಹಳದಿ. ಕೆಂಪಿನಿಂದ ನೇರಳೆಯವರೆಗೆ ಕಾಮನಬಿಲ್ಲಿನಂತೆ ಜೋಡಿಸುವ ಕ್ರಮ ನೆಲೆಯೂರಿದ್ದು 1970ರ ದಶಕದ ಅಮೆರಿಕದಲ್ಲಿ. ಚಕ್ರಕ್ಕೊಂದು ಗ್ರಂಥಿ ಎಂಬ ಜೋಡಣೆಯೂ ಇಪ್ಪತ್ತನೇ ಶತಮಾನದ್ದೇ. ಗ್ರಂಥಿಗಳು ಸ್ರವಿಸುವ ‘ಹಾರ್ಮೋನ್’ ಎಂಬ ಪದವೇ ಹುಟ್ಟಿದ್ದು 1905ರಲ್ಲಿ.

ಬಣ್ಣ ಹಚ್ಚಿದ ಪಟ ಇಟ್ಟುಕೊಳ್ಳಬಾರದೆಂದೇನೂ ಇಲ್ಲ. ಯಾವುದು ಹಳೆಯದು, ಯಾವುದು ಹೊಸದು ಎಂದು ಕಲಿಸುವವರಿಗೆ ಗೊತ್ತಿರಬೇಕು, ಕೇಳಿದವರಿಗೆ ಹೇಳಬೇಕು. ಹೊಸದನ್ನು ‘ಐದು ಸಾವಿರ ವರ್ಷದ ವಿದ್ಯೆ’ ಎಂದುಬಿಟ್ಟರೆ ಆಮೇಲೆ ಅದರ ಮೇಲೆ ಏನು ಬೇಕಾದರೂ ಕಟ್ಟಬಹುದು.

ಹಳೆಯ ಗ್ರಂಥಗಳಲ್ಲೂ ಒಂದೇ ಲೆಕ್ಕವಿಲ್ಲ. ಪತಂಜಲಿಯ ಸೂತ್ರಗಳಲ್ಲಿ ಬರುವುದು ‘ನಾಭಿಚಕ್ರ’ವೊಂದೇ. ನಾಥಪಂಥದ ಸಿದ್ಧಸಿದ್ಧಾಂತಪದ್ಧತಿ ಒಂಬತ್ತು ಚಕ್ರ ಹೇಳುತ್ತದೆ. ಅಷ್ಟು ದೂರ ಏಕೆ, ಶೃಂಗೇರಿ ಇರುವ ಜಿಲ್ಲೆಯಲ್ಲಿ ಮನೆಮನೆಯ ಹೆಂಗಸರೂ ಪಾರಾಯಣ ಮಾಡುವ ಸೌಂದರ್ಯಲಹರಿಯನ್ನೇ ತೆಗೆದುಕೊಳ್ಳಿ. ಒಂಬತ್ತನೇ ಶ್ಲೋಕ ‘ಮಹೀಂ ಮೂಲಾಧಾರೇ ಕಮಪಿ ಮಣಿಪೂರೇ ಹುತವಹಂ ಸ್ಥಿತಂ ಸ್ವಾಧಿಷ್ಠಾನೇ’ ಎನ್ನುತ್ತದೆ. ಅಂದರೆ ನೀರು ಮಣಿಪೂರದಲ್ಲಿ, ಬೆಂಕಿ ಅದರ ಕೆಳಗಿನ ಸ್ವಾಧಿಷ್ಠಾನದಲ್ಲಿ. ಪಟದಲ್ಲಿರುವುದು ಇದಕ್ಕೆ ತಿರುಗುಮುರುಗು. ದಿನವೂ ಈ ಶ್ಲೋಕ ಹೇಳುವ ಹಿರಿಯರೊಬ್ಬರು ತರಗತಿಗೆ ಬಂದು ‘ಬೆಂಕಿ ಇರುವುದು ಯಾವ ಕಡೆ?’ ಎಂದು ಕೇಳಿದರೆ ಉತ್ತರ ಸಿದ್ಧವಿರಬೇಕು. ಎರಡೂ ಸರಿ, ಎರಡು ಸಂಪ್ರದಾಯ. ಮನಸ್ಸಿಟ್ಟು ನಿಲ್ಲುವುದಕ್ಕೆ ಯಾವ ದಾರಿ ಹಿಡಿದರೂ ಆದೀತು. ಮೂತ್ರಪಿಂಡ ಎಲ್ಲಿದೆ ಎಂಬ ಪ್ರಶ್ನೆಗೆ ಹೀಗೆ ಎರಡು ಉತ್ತರ ಇರಲಾರದು. ಚಕ್ರ ಶರೀರಶಾಸ್ತ್ರದ ವಸ್ತುವಲ್ಲ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ವರ್ಣಮಾಲೆಯೇ ಮೈಯೊಳಗೆ

ಕನ್ನಡ ಬಲ್ಲವರಿಗೆ ಈ ವಿದ್ಯೆಯಲ್ಲಿ ಒಂದು ಸಹಜ ಅನುಕೂಲವಿದೆ. ಇಂಗ್ಲಿಷ್ ಕೈಪಿಡಿ ಹಿಡಿದು ಕಲಿತವರು ಅದನ್ನು ಬಿಟ್ಟುಬಿಡುತ್ತಾರಲ್ಲ ಎಂದು ಬೇಸರವಾಗುತ್ತದೆ. ಆರು ಚಕ್ರಗಳ ದಳಗಳನ್ನು ಕೂಡಿಸಿ: 4, 6, 10, 12, 16, 2. ಒಟ್ಟು 50. ಅವು ಸಂಸ್ಕೃತ ವರ್ಣಮಾಲೆಯ ಐವತ್ತು ಅಕ್ಷರಗಳು, ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. ಕಂಠದ ವಿಶುದ್ಧಿಯಲ್ಲಿ ಅ ಇಂದ ಅಃ ತನಕ ಹದಿನಾರು ಸ್ವರ. ಎದೆಯ ಅನಾಹತದಲ್ಲಿ ಕ ಇಂದ ಠ ತನಕ ಹನ್ನೆರಡು. ಹೊಕ್ಕುಳಿನ ಮಣಿಪೂರದಲ್ಲಿ ಡ ಇಂದ ಫ ತನಕ ಹತ್ತು. ಕಿಬ್ಬೊಟ್ಟೆಯ ಸ್ವಾಧಿಷ್ಠಾನದಲ್ಲಿ ಬ, ಭ, ಮ, ಯ, ರ, ಲ. ಮೂಲಾಧಾರದಲ್ಲಿ ವ, ಶ, ಷ, ಸ. ಉಳಿದ ಹ ಮತ್ತು ಕ್ಷ ಹುಬ್ಬುಗಳ ನಡುವಿನ ಆಜ್ಞೆಗೆ. ಕನ್ನಡದ ಹ್ರಸ್ವ ಎ, ಒ ಈ ಲೆಕ್ಕದಲ್ಲಿಲ್ಲ; ೠ, ಌ, ೡ ಇವೆ. ಒಂದನೇ ತರಗತಿಯಲ್ಲಿ ಕಲಿತ ಅಕ್ಷರಮಾಲೆ ತಮ್ಮ ಮೈಯಲ್ಲೇ ಇಳಿಯುವುದನ್ನು ತೋರಿಸಿಕೊಟ್ಟರೆ ಅರವತ್ತರ ಅಜ್ಜಿಗೂ ಚಕ್ರಗಳ ಕ್ರಮ ಒಂದೇ ದಿನಕ್ಕೆ ಬಾಯಿಪಾಠವಾಗುತ್ತದೆ.

ಶರಣರ ದಾರಿಯೂ ಇಲ್ಲಿದೆ. ಕಡೂರು, ತರೀಕೆರೆ, ಅರಸೀಕೆರೆ ಕಡೆಯ ಅನೇಕ ಮನೆಗಳಲ್ಲಿ ‘ಆಧಾರ, ಸ್ವಾಧಿಷ್ಠಾನ’ ಎಂಬ ಮಾತು ಯೋಗ ಶಿಬಿರಕ್ಕಿಂತ ಮೊದಲೇ ವಚನಗಳಿಂದ ಬಂದಿದೆ. ಷಟ್‌ಸ್ಥಲದ (ಸಾಧನೆಯ ಆರು ಮೆಟ್ಟಿಲು) ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಈ ಆರನ್ನೂ ಆರು ಚಕ್ರಗಳಿಗೆ ಹೊಂದಿಸಿ, ನ, ಮ, ಶಿ, ವ, ಯ ಅಕ್ಷರಗಳನ್ನು ಆಧಾರದಿಂದ ವಿಶುದ್ಧಿಯವರೆಗೆ, ಓಂಕಾರವನ್ನು ಆಜ್ಞೆಯಲ್ಲಿ ನೆಲೆಗೊಳಿಸುವ ಕ್ರಮವದು. ಚೆನ್ನಬಸವಣ್ಣನವರ ‘ಕರಣಹಸಿಗೆ’ ಇಂಥ ದೇಹವಿಚಾರಕ್ಕೇ ಮೀಸಲಾದ ಕೃತಿ. ಅಂಥ ಮನೆಯಿಂದ ಬಂದವರಿಗೆ ಲಂ, ವಂ ಎಂಬ ಚಕ್ರದ ಬೀಜಾಕ್ಷರ ಹೇಳಿಸುವುದಕ್ಕಿಂತ ಪಂಚಾಕ್ಷರಿಯನ್ನೇ ಕೊಡುವುದು ಮೇಲು. ಯಾವ ಮಂತ್ರವೂ ಬೇಡ ಎನ್ನುವವರಿಗೆ ಬರೀ ಉಸಿರು ಮತ್ತು ಜಾಗ ಸಾಕು. ಸರ್ಕಾರಿ ಶಾಲೆಯಲ್ಲಿ, ಎಲ್ಲ ಮತದವರೂ ಕೂರುವ ಸಭಾಂಗಣದಲ್ಲಿ ಇದೇ ದಾರಿ ಸರಿ.

ಹಾಸನಕ್ಕೆ ಇನ್ನೊಂದು ನಂಟಿದೆ. ಉಸಿರಿನೊಂದಿಗೆ ಆಸನಗಳನ್ನು ಜೋಡಿಸುವ ಅಷ್ಟಾಂಗ ವಿನ್ಯಾಸ ಪದ್ಧತಿಯನ್ನು ಜಗತ್ತಿಗೆ ಹಬ್ಬಿಸಿದ ಕೆ. ಪಟ್ಟಾಭಿ ಜೋಯಿಸರು 1915ರಲ್ಲಿ ಹುಟ್ಟಿದ್ದು ಹಾಸನದ ಹತ್ತಿರದ ಕೌಶಿಕದಲ್ಲಿ. ಗುರು ಕೃಷ್ಣಮಾಚಾರ್ಯರನ್ನು ಅವರು ಮೊದಲು ಕಂಡಿದ್ದು 1927ರಲ್ಲಿ ಹಾಸನದ ಪ್ರಾತ್ಯಕ್ಷಿಕೆಯೊಂದರಲ್ಲಿ. ಆ ಪದ್ಧತಿಯ ಮೊದಲ ಸರಣಿಯ ಹೆಸರು ಯೋಗಚಿಕಿತ್ಸೆ, ಎರಡನೆಯದು ನಾಡೀಶೋಧನ. ಮೊದಲು ಮೈ ಹದವಾಗಬೇಕು, ಆಮೇಲೆ ನಾಡಿಯ (ಪ್ರಾಣ ಹರಿಯುವ ಸೂಕ್ಷ್ಮ ದಾರಿಗಳ) ಮಾತು. ಎರಡು ದಿನದ ಶಿಬಿರದಲ್ಲಿ ಏಳೂ ಚಕ್ರ ‘ತೆರೆಸುವ’ ಕಡೆ ಈ ಕ್ರಮವೇ ತಪ್ಪಿಹೋಗಿರುತ್ತದೆ.

ಒಂದು ಗಂಟೆಯ ತರಗತಿ

ಆಸನ ಗಟ್ಟಿಯಾಗದೆ ಧಾರಣೆ ಇಲ್ಲ. ನೆಲದ ಮೇಲೆ ಕೂತಾಗ ಸೊಂಟ ಹಿಂದಕ್ಕೆ ಕುಸಿದು ಬಾಲಮೂಳೆಯ ಮೇಲೆ ಭಾರ ಬೀಳುವವರೇ ಹೆಚ್ಚು. ಕಂಬಳಿಯನ್ನು ಮೂರು ನಾಲ್ಕು ಅಂಗುಲ ಎತ್ತರಕ್ಕೆ ಮಡಿಚಿ ಅದರ ಅಂಚಿನಲ್ಲಿ ಕೂರಿಸಿ. ಮಂಡಿ ಸೊಂಟಕ್ಕಿಂತ ಕೆಳಗೆ ಬರಬೇಕು. ಬಾರದಿದ್ದರೆ ಕುರ್ಚಿ ಕೊಡಿ, ಪಾದ ಪೂರ್ತಿ ನೆಲಕ್ಕೆ ಊರಲಿ. ಈ ಮಡಿಕೆ ತಪ್ಪಿದರೆ ಹತ್ತು ನಿಮಿಷಕ್ಕೆ ಕಾಲು ಜೋಮು ಹಿಡಿಯುತ್ತದೆ, ಆ ಜುಮುಜುಮುವನ್ನೇ ‘ಮೂಲಾಧಾರದಲ್ಲಿ ಶಕ್ತಿಯ ಸಂಚಾರ’ ಎಂದುಕೊಳ್ಳುವವರಿದ್ದಾರೆ. ನರ ಒತ್ತಿದೆ, ಅಷ್ಟೆ; ಕಾಲು ಚಾಚಿಸಿ. ಮಲೆನಾಡಿನ ಮಳೆಗಾಲದಲ್ಲಿ ಸಿಮೆಂಟ್ ನೆಲ ಬೆವರುತ್ತದೆ, ತೆಳು ಮ್ಯಾಟ್ ಸಾಲದು. ಕೆಳಗೆ ಜಮಖಾನ, ಮೇಲೆ ಕಂಬಳಿ ಹಾಕಿ. ಇನ್ನೊಂದು ಮಾತು ಕಾಫಿ ನಾಡಿಗೇ ಸೇರಿದ್ದು: ಖಾಲಿ ಹೊಟ್ಟೆಗೆ ಗಟ್ಟಿ ಡಿಕಾಕ್ಷನ್ ಕಾಫಿ ಕುಡಿದು ಬಂದು ಪ್ರಾಣಾಯಾಮಕ್ಕೆ ಕೂತರೆ ಕೆಲವರಿಗೆ ಎದೆ ಡವಗುಟ್ಟುತ್ತದೆ. ಅನಾಹತದ ಪಾಠ ಇರುವ ದಿನ ಇದು ಬೇರೆಯೇ ಅರ್ಥ ಪಡೆಯುತ್ತದೆ. ಕಾಫಿ ತರಗತಿ ಮುಗಿದ ಮೇಲೆ.

ಸಮಯವನ್ನು ಹೀಗೆ ಹಂಚಿಕೊಳ್ಳಬಹುದು: ಸುಮ್ಮನೆ ಕೂರಲು 5 ನಿಮಿಷ, ಆಸನಕ್ಕೆ 25, ಪ್ರಾಣಾಯಾಮಕ್ಕೆ 10, ಚಕ್ರಧಾರಣೆಗೆ 10, ಶವಾಸನಕ್ಕೆ 10. ವಾರಕ್ಕೊಂದು ಚಕ್ರ, ಕೆಳಗಿನಿಂದ ಮೇಲಕ್ಕೆ, ಆರು ವಾರ. ಕೊನೆಯ ಎರಡು ವಾರ ಎಲ್ಲವನ್ನೂ ಕೂಡಿಸಿ. ಇಂಥ ಚಕ್ರಕ್ಕೆ ಇಂಥ ಆಸನ ಎಂಬ ಪಟ್ಟಿಯೂ ಇತ್ತೀಚಿನದು. ಆದರೂ ಪಾಠಕ್ಕೆ ಅದು ಒದಗುತ್ತದೆ, ಏಕೆಂದರೆ ಮೈಯ ಯಾವ ಭಾಗ ಆಗಷ್ಟೇ ಕೆಲಸ ಮಾಡಿದೆಯೋ ಅಲ್ಲಿ ಮನಸ್ಸು ಸುಲಭವಾಗಿ ನಿಲ್ಲುತ್ತದೆ. ಮೂಲಾಧಾರದ ವಾರ ತಾಡಾಸನ, ಉತ್ಕಟಾಸನ, ಮಣಿಪೂರಕ್ಕೆ ಮರೀಚ್ಯಾಸನದಂಥ ತಿರುವು, ಅನಾಹತಕ್ಕೆ ಭುಜಂಗಾಸನ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ದಿನವಿಡೀ ಗಿಡಕ್ಕೆ ಬಾಗಿ, ಸೊಂಟಕ್ಕೆ ಚೀಲ ಕಟ್ಟಿ ಹಣ್ಣು ಬಿಡಿಸಿದ ಹೆಂಗಸರಿಗೆ ಮುಂದಕ್ಕೆ ಬಾಗುವ ಆಸನ ಕಡಿಮೆ ಮಾಡಿ, ಭುಜಂಗಾಸನ, ಸೇತುಬಂಧ ಹೆಚ್ಚು ಕೊಡಿ.

ಉಸಿರಿನ ಅಳತೆ ಸರಳ. ನಾಲ್ಕು ಎಣಿಸುವಷ್ಟು ಒಳಕ್ಕೆ, ಆರು ಎಣಿಸುವಷ್ಟು ಹೊರಕ್ಕೆ. ಒಂದು ಸುತ್ತಿಗೆ ಹತ್ತು ಸೆಕೆಂಡ್, ನಿಮಿಷಕ್ಕೆ ಆರು ಉಸಿರು. ಈ ಗತಿಯಲ್ಲಿ ಉಸಿರಾಡುವಾಗ ಹೃದಯದ ಬಡಿತ ಉಸಿರಿನೊಂದಿಗೆ ಚೆನ್ನಾಗಿ ಏರಿಳಿಯುತ್ತದೆ, ರಕ್ತದೊತ್ತಡ ಸರಿದೂಗಿಸುವ ನರಗಳ ಸ್ಪಂದನ ಚುರುಕಾಗುತ್ತದೆ. ಅಧ್ಯಯನಗಳಲ್ಲಿ ಅಳೆದು ನೋಡಿದ ವಿಷಯ ಇದು. ‘ಚಕ್ರಧ್ಯಾನ ಮಾಡಿದ ಮೇಲೆ ಹಗುರವಾಯಿತು’ ಎನ್ನುವ ಅನುಭವದ ದೊಡ್ಡ ಪಾಲು ಇಲ್ಲಿಂದ ಬರುತ್ತದೆ. ಮೊದಲ ಎರಡು ತಿಂಗಳು ಉಸಿರು ಹಿಡಿದಿಡುವ ಕುಂಭಕ ಬೇಡ.

ಮೂಲಾಧಾರದಿಂದ ವಿಶುದ್ಧಿಯವರೆಗಿನ ಐದು ಚಕ್ರಗಳಿಗೆ ಬೀಜಾಕ್ಷರಗಳು ಕ್ರಮವಾಗಿ ಲಂ, ವಂ, ರಂ, ಯಂ, ಹಂ. ಹ್ರಸ್ವವಾಗಿ ಹೇಳಬೇಕು. ‘ಲಾಂ, ವಾಂ’ ಎಂದು ಎಳೆಯುವುದು ರೋಮನ್ ಲಿಪಿಯಿಂದ ಓದಿ ಕಲಿತವರ ತಪ್ಪು. ಅಕ್ಷರ ಗಿಡ್ಡ, ಅನುಸ್ವಾರ ಉದ್ದ: ತುಟಿ ಮುಚ್ಚಿದ ಮೇಲಿನ ಗುಂಯ್ ಎನ್ನುವ ಭಾಗವೇ ಉಸಿರು ಮುಗಿಯುವ ತನಕ ನಡೆಯಬೇಕು. ಒಂದೊಂದನ್ನು ಆರು ಸಲ, ಸಲಕ್ಕೆ ಹತ್ತು ಸೆಕೆಂಡ್ ಹಿಡಿದರೆ ಐದು ಬೀಜಕ್ಕೆ ಐದು ನಿಮಿಷ. ತಗ್ಗಿದ ದನಿಯಲ್ಲಿ ಹೇಳುವಾಗ ಎದೆಮೂಳೆಯ ಮೇಲೆ ಅಂಗೈ ಇಟ್ಟರೆ ಕಂಪನ ಕೈಗೆ ತಾಗುತ್ತದೆ; ದನಿ ಏರಿಸಿದಂತೆ ಕಂಪನ ಮುಖಕ್ಕೆ, ತಲೆಗೆ ಏರುತ್ತದೆ. ಹೊಸಬರಿಗೆ ನಂಬಿಸುವ ಅಗತ್ಯವೇ ಬೀಳದ ಪಾಠ ಇದು, ಅವರ ಕೈಯೇ ಹೇಳುತ್ತದೆ. ಗುಂಯ್‌ಗುಟ್ಟುವಾಗ ಮೂಗಿನಲ್ಲಿ ನೈಟ್ರಿಕ್ ಆಕ್ಸೈಡ್ ಹಲವು ಪಟ್ಟು ಹೆಚ್ಚುತ್ತದೆ ಎಂಬುದೂ ಅಳೆದು ತಿಳಿದದ್ದೇ. ದುಂಬಿಯಂತೆ ಗುಂಯ್‌ಗುಟ್ಟುವ ಭ್ರಾಮರಿ ಪ್ರಾಣಾಯಾಮಕ್ಕೂ ಇದು ಅನ್ವಯಿಸುತ್ತದೆ.

ಆಜ್ಞೆಯ ವಾರ ತಲೆನೋವಿನ ದೂರು ಬರುತ್ತದೆ. ‘ಭ್ರೂಮಧ್ಯ ನೋಡಿ’ ಎಂದೊಡನೆ ಜನ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆಯನ್ನು ಮೇಲಕ್ಕೆ ತಿರುಗಿಸಿ ಹತ್ತು ನಿಮಿಷ ಹಿಡಿದಿಡುತ್ತಾರೆ, ಕಣ್ಣಿನ ಸ್ನಾಯು ದಣಿಯುತ್ತದೆ. ಅದರ ಬದಲು ತೇಯ್ದ ಗಂಧವನ್ನೋ ವಿಭೂತಿಯನ್ನೋ ಒಂದು ಬೊಟ್ಟು ಅಲ್ಲಿಡಲು ಹೇಳಿ. ಒದ್ದೆ ಬೊಟ್ಟು ಆರುತ್ತಾ ತಣ್ಣಗಾಗಿ, ಚರ್ಮವನ್ನು ಮೆಲ್ಲಗೆ ಬಿಗಿಯುತ್ತದೆ. ಗಮನ ತಾನಾಗಿ ಅಲ್ಲಿಗೆ ಹೋಗುತ್ತದೆ, ಕಣ್ಣು ಸಡಿಲವಾಗಿಯೇ ಉಳಿಯುತ್ತದೆ.

ಮೂಲಬಂಧದಲ್ಲಿ (ಕಿಬ್ಬೊಟ್ಟೆಯ ತಳದ ಸ್ನಾಯುವನ್ನು ಎತ್ತಿ ಹಿಡಿಯುವುದು) ಆಗುವ ತಪ್ಪು ಪೃಷ್ಠವನ್ನೂ ತೊಡೆಯನ್ನೂ ಹಿಂಡುವುದು. ಮೂತ್ರ ತಡೆಯುವಾಗ ಒಳಗೆ ಎತ್ತಿದಂತಾಗುವ ಆ ಸಣ್ಣ ಚಲನೆ ಸಾಕು: ಐದು ಎಣಿಸುವಷ್ಟು ಹಿಡಿ, ಐದು ಎಣಿಸುವಷ್ಟು ಬಿಡು, ಎಂಟು ಸಲ. ಬಿಡುವುದನ್ನೂ ಹಿಡಿಯುವಷ್ಟೇ ಶ್ರದ್ಧೆಯಿಂದ ಕಲಿಸಿ. ಮೂಲಾಧಾರ, ಸ್ವಾಧಿಷ್ಠಾನಗಳ ಜಾಗ ತೋರಿಸಲು ಶಿಕ್ಷಕರು ಯಾರ ಮೈಯನ್ನೂ ಮುಟ್ಟಬಾರದು. ಮಾತಲ್ಲಿ ಹೇಳಿ, ಅವರ ಕೈ ಅವರೇ ಇಟ್ಟುಕೊಳ್ಳಲಿ. ಬಾಗಿಲು ಮುಚ್ಚಿ ಒಬ್ಬರಿಗೇ ‘ಹೀಲಿಂಗ್’ ಕೊಡುವ ಪದ್ಧತಿಯಂತೂ ಬೇಡವೇ ಬೇಡ.

ಎಲ್ಲಿ ಕೆಡುತ್ತದೆ

ಶಿಬಿರದ ಎರಡನೇ ದಿನ ಭಸ್ತ್ರಿಕಾ (ತಿದಿಯಂತೆ ರಭಸದ ಉಸಿರಾಟ) ವೇಗವಾಗಿ, ಬಹಳ ಹೊತ್ತು ನಡೆದಾಗ ಒಬ್ಬರಿಗೆ ತುಟಿ ಸುತ್ತ ಜುಮುಜುಮು ಶುರುವಾಗುತ್ತದೆ. ಬೆರಳ ತುದಿ ಮರಗಟ್ಟುತ್ತದೆ. ಹೆಬ್ಬೆರಳು ಅಂಗೈಯೊಳಕ್ಕೆ ಸರಿದು, ಉಳಿದ ಬೆರಳು ಕೊಕ್ಕಿನಂತೆ ಸೆಟೆದು ಮುದುರುತ್ತವೆ. ತಲೆ ಹಗುರ, ಕಣ್ಣಲ್ಲಿ ನೀರು. ಆಗ ‘ಮೂಲಾಧಾರದಲ್ಲಿ ಮಲಗಿದ್ದ ಕುಂಡಲಿನಿ ಶಕ್ತಿ ಏಳುತ್ತಿದೆ, ಬಿಡಬೇಡಿ, ಮುಂದುವರಿಸಿ’ ಎಂಬ ಸೂಚನೆ ಬಂದರೆ ಅದಕ್ಕಿಂತ ಅಪಾಯದ ಮಾತಿಲ್ಲ. ಅತಿಯಾಗಿ ಉಸಿರಾಡಿ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದಿದೆ. ಅದು ಇಳಿದಾಗ ಮಿದುಳಿನ ರಕ್ತನಾಳ ಕಿರಿದಾಗುತ್ತವೆ, ರಕ್ತದಲ್ಲಿ ಬಿಡಿಯಾಗಿರುವ ಕ್ಯಾಲ್ಸಿಯಂ ಕಡಿಮೆಯಾಗಿ ನರ, ಸ್ನಾಯು ಸೆಟೆಯುತ್ತವೆ. ನಿಲ್ಲಿಸಿ, ಬಾಯಿ ಮುಚ್ಚಿಸಿ, ಮೂಗಿನಿಂದ ನಿಧಾನ ಉಸಿರು, ಹೊರಬಿಡುವುದು ಉದ್ದ. ಕೆಲವು ನಿಮಿಷಕ್ಕೆ ಬೆರಳು ಬಿಡಿಸಿಕೊಳ್ಳುತ್ತವೆ. ಬಿಡಿಸಿಕೊಳ್ಳದಿದ್ದರೆ, ಎದೆನೋವಿದ್ದರೆ, ಎಚ್ಚರ ತಪ್ಪಿದರೆ ಆಸ್ಪತ್ರೆಗೆ. ಹಠಪ್ರದೀಪಿಕೆ ಇದನ್ನು ಎಂದೋ ಹೇಳಿಟ್ಟಿದೆ: ಸಿಂಹ, ಆನೆ, ಹುಲಿಗಳನ್ನು ಪಳಗಿಸುವಂತೆ ಪ್ರಾಣವನ್ನು ಮೆಲ್ಲಮೆಲ್ಲಗೆ ಪಳಗಿಸಬೇಕು, ಇಲ್ಲದಿದ್ದರೆ ಅದು ಸಾಧಕನನ್ನೇ ಕೊಲ್ಲುತ್ತದೆ. ಸಕಲೇಶಪುರ, ಆಲೂರು ಕಡೆಯವರಿಗೆ ಆನೆಯ ಉಪಮೆಯನ್ನು ಬಿಡಿಸಿ ಹೇಳಬೇಕಿಲ್ಲ.

ಕಪಾಲಭಾತಿ, ಭಸ್ತ್ರಿಕಾದಂಥ ರಭಸದ ಉಸಿರಾಟವನ್ನೂ ಹೊಟ್ಟೆ ಒಳಕ್ಕೆಳೆಯುವ ಉಡ್ಡೀಯಾನವನ್ನೂ ಗರ್ಭಿಣಿಯರಿಗೆ, ಮುಟ್ಟಿನ ದಿನಗಳಲ್ಲಿ, ಹತೋಟಿಗೆ ಬಾರದ ಬಿ.ಪಿ. ಇರುವವರಿಗೆ, ಹರ್ನಿಯಾ, ಮೂರ್ಛೆರೋಗ, ಇತ್ತೀಚೆಗೆ ಹೊಟ್ಟೆಯ ಆಪರೇಷನ್ ಆದವರಿಗೆ ಕೊಡಬಾರದು. ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇದ್ದವರಿಗೆ ಇವುಗಳ ಜತೆ ತಲೆಕೆಳಗಿನ ಆಸನಗಳೂ ಬೇಡ. ‘ವಿಶುದ್ಧಿಗೆ ಸರ್ವಾಂಗಾಸನ, ಅದರಿಂದ ಥೈರಾಯ್ಡ್ ವಾಸಿ’ ಎಂಬ ಮಾತನ್ನು ನಂಬಿ ಕತ್ತಿನ ಮೂಳೆ ಸವೆದವರನ್ನೂ ಭುಜದ ಮೇಲೆ ನಿಲ್ಲಿಸುವವರಿದ್ದಾರೆ. ಥೈರಾಯ್ಡ್ ಕುಗ್ಗಲು ಒಂದು ದೊಡ್ಡ ಕಾರಣ ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬೀಳುವುದು. ಕತ್ತು ಮಡಿಚಿದರೆ ಅದು ನಿಲ್ಲುವುದಿಲ್ಲ, ಕತ್ತು ಹಾಳಾಗುತ್ತದೆ.

ಮನಸ್ಸಿನ ಕಡೆಯ ತೊಂದರೆ ಕಣ್ಣಿಗೆ ಬೇಗ ಬೀಳುವುದಿಲ್ಲ. ದೀರ್ಘ ಶವಾಸನದಲ್ಲಿ, ಎದೆಯ ಮೇಲೆ ಗಮನವಿಟ್ಟಾಗ ಕೆಲವರು ಅಳುತ್ತಾರೆ. ಅಳಲಿ. ‘ನಿಮ್ಮ ಚಕ್ರದಲ್ಲಿದ್ದ ಬ್ಲಾಕ್ (ತಡೆ) ಒಡೆಯಿತು’ ಎಂದು ವ್ಯಾಖ್ಯಾನ ಕೊಡಬೇಡಿ. ಕಣ್ಣು ತೆರೆಸಿ, ಪಾದ ನೆಲಕ್ಕೂರಿಸಿ, ಕೋಣೆಯಲ್ಲಿ ಕಾಣುವ ಐದು ವಸ್ತು ಹೆಸರಿಸಲು ಹೇಳಿ, ಬಿಸಿನೀರು ಕೊಡಿ. ಶಿಬಿರ ಮುಗಿದ ಮೇಲೆ ಸತತ ಎರಡು ಮೂರು ರಾತ್ರಿ ನಿದ್ದೆಯಿಲ್ಲ, ಮಾತು ಓಡುತ್ತಿದೆ, ತನಗೆ ವಿಶೇಷ ಶಕ್ತಿ ಬಂದಿದೆ ಎನ್ನುತ್ತಿದ್ದಾರೆ, ದನಿ ಕೇಳಿಸುತ್ತಿದೆ ಎಂದರೆ ಸಾಧನೆ ನಿಲ್ಲಿಸಿ ಮನೋವೈದ್ಯರ ಬಳಿ ಕರೆದೊಯ್ಯಬೇಕು. ಜಿಲ್ಲಾಸ್ಪತ್ರೆಗೆ ಹೋಗಬಹುದು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಮನೋರೋಗದ ಮಾತ್ರೆ ನುಂಗುತ್ತಿರುವವರನ್ನು ಇಡೀ ದಿನದ ಮೌನ, ದೀರ್ಘ ಧ್ಯಾನಕ್ಕೆ ಕೂರಿಸುವ ಮೊದಲು ಅವರ ವೈದ್ಯರನ್ನು ಕೇಳಲೇಬೇಕು.

ಬ್ಲಾಕ್ ಎಂಬ ಮಾತು

ಲೋಲಕವನ್ನು ಮೈಮೇಲೆ ತೂಗಿ, ಅದು ತಿರುಗಿದರೆ ಚಕ್ರ ತೆರೆದಿದೆ, ನಿಂತರೆ ಮುಚ್ಚಿದೆ ಎಂದು ಹೇಳುವ ಕ್ರಮ ಈಗ ಹೆಚ್ಚಾಗಿದೆ. ದಾರ ಹಿಡಿದವರ ಬೆರಳು ಅವರಿಗೇ ಗೊತ್ತಾಗದಷ್ಟು ಸಣ್ಣಗೆ ಅಲುಗುತ್ತದೆ, ಲೋಲಕ ಅದನ್ನು ದೊಡ್ಡದು ಮಾಡಿ ತೋರಿಸುತ್ತದೆ. ಪರೀಕ್ಷಿಸುವುದು ಸುಲಭ: ಒಬ್ಬರನ್ನೇ ಇಬ್ಬರು ಬೇರೆ ಬೇರೆಯಾಗಿ ನೋಡಿ, ಒಬ್ಬರಿಗೊಬ್ಬರು ಹೇಳದೆ ಚೀಟಿಯಲ್ಲಿ ಬರೆದಿಡಲಿ. ಪ್ರಾಮಾಣಿಕವಾಗಿ ಕೆಲಸ ಮಾಡುವವರು ಇದಕ್ಕೆ ಹಿಂಜರಿಯಬೇಕಿಲ್ಲ.

ಎಲ್ಲಕ್ಕಿಂತ ನೋವಿನದು ಮಕ್ಕಳಾಗಿಲ್ಲ ಎಂದೋ ಪಿಸಿಓಡಿ (ಅಂಡಾಶಯದ ತೊಂದರೆ) ಎಂದೋ ಬಂದ ಹೆಣ್ಣುಮಗಳಿಗೆ ‘ನೀವು ಭಾವನೆ ಅದುಮಿಟ್ಟುಕೊಂಡಿದ್ದೀರಿ, ಸ್ವಾಧಿಷ್ಠಾನ ಬ್ಲಾಕ್ ಆಗಿದೆ’ ಎನ್ನುವುದು. ಮನೆಯಲ್ಲಿ ಈಗಾಗಲೇ ಮಾತು ಕೇಳಿ ಬಂದವಳ ಮೇಲೆ ತಪ್ಪನ್ನು ಇನ್ನೊಮ್ಮೆ ಹೊರಿಸಿದಂತೆ. ಷಟ್ಚಕ್ರಗಳ ಯಾವ ಹಳೆಯ ವರ್ಣನೆಯಲ್ಲೂ ಹೀಗೆ ರೋಗಿಯನ್ನು ದೂರುವ ಪಟ್ಟಿ ಇಲ್ಲ. ಸಕ್ಕರೆ ಕಾಯಿಲೆಯಲ್ಲಿ ಈ ಮಾತು ಜೀವಕ್ಕೇ ಎರವಾಗಬಹುದು. ಟೈಪ್ 1 ಇರುವ ಹುಡುಗ ‘ಮಣಿಪೂರ ಸರಿಹೋಯಿತು’ ಎಂದು ಇನ್ಸುಲಿನ್ ಬಿಟ್ಟರೆ ಒಂದೆರಡು ದಿನದಲ್ಲೇ ರಕ್ತ ಆಮ್ಲೀಯವಾಗಿ ಐಸಿಯು ಸೇರಬೇಕಾಗುತ್ತದೆ.

ಕಾನೂನೂ ಸ್ಪಷ್ಟವಾಗಿದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ ಮಂತ್ರ, ತಾಯಿತ, ಕವಚಗಳನ್ನೂ ಒಳಗೊಂಡಿದೆ. ಮಧುಮೇಹ, ರಕ್ತದೊತ್ತಡ, ಹೃದ್ರೋಗ, ಗಳಗಂಡ, ಮೂರ್ಛೆರೋಗ, ಕ್ಯಾನ್ಸರ್, ಹೆಂಗಸರ ಬಂಜೆತನ ಎಲ್ಲವೂ ಅದರ ಪಟ್ಟಿಯಲ್ಲಿವೆ. ಅಂಥ ಪರಿಹಾರದಿಂದ ಇವು ವಾಸಿಯಾಗುತ್ತವೆ ಎಂದು ಜಾಹೀರಾತು ಕೊಟ್ಟರೆ ಮೊದಲ ಸಲ ಆರು ತಿಂಗಳವರೆಗೆ, ಮತ್ತೆ ಮಾಡಿದರೆ ಒಂದು ವರ್ಷದವರೆಗೆ ಜೈಲು ಆಗಬಹುದು. ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಪೋಸ್ಟರನ್ನೂ ಜಾಹೀರಾತು ಎಂದೇ ತಿಳಿದು ಬರೆಯಬೇಕು. ‘ನಿದ್ದೆಗೆ, ಒತ್ತಡ ಇಳಿಸಲು, ಉಸಿರಿನ ಹತೋಟಿಗೆ ಚಕ್ರಧಾರಣೆ’ ಎಂದು ಬರೆದರೆ ಹೇಳಿದ್ದನ್ನು ಕೊಡಲೂ ಆಗುತ್ತದೆ.

ಸೇರುವ ದಿನವೇ ಒಂದು ಹಾಳೆ ತುಂಬಿಸಿಕೊಳ್ಳಿ: ಬಿ.ಪಿ., ಸಕ್ಕರೆ, ಥೈರಾಯ್ಡ್, ಮೂರ್ಛೆ, ಗ್ಲಾಕೋಮಾ, ಹರ್ನಿಯಾ, ಗರ್ಭ, ಆರು ತಿಂಗಳೊಳಗಿನ ಆಪರೇಷನ್, ಮಾನಸಿಕ ಆರೋಗ್ಯದ ಮಾತ್ರೆ, ನಿದ್ದೆಯ ಗಂಟೆ. ತಿಂಗಳಿಗೊಮ್ಮೆ, ಐದು ನಿಮಿಷ ಸುಮ್ಮನೆ ಕೂರಿಸಿ ಬಿ.ಪಿ. ನೋಡಿ, ಒಂದು ನಿಮಿಷದ ಸಹಜ ಉಸಿರು ಎಣಿಸಿ, ಅದೇ ಹಾಳೆಯಲ್ಲಿ ತಾರೀಖಿನೊಂದಿಗೆ ಬರೆಯಿರಿ. ಎರಡು ತಿಂಗಳ ಕೊನೆಗೆ ಬಿ.ಪಿ. ಇಳಿದಿದ್ದು ಕಂಡು ‘ಮಾತ್ರೆ ನಿಲ್ಲಿಸಲಾ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹೌದೆಂದೂ ಬೇಡವೆಂದೂ ಹೇಳದೆ, ಆ ಹಾಳೆಯ ನಕಲನ್ನು ಕೈಗೆ ಕೊಟ್ಟು ಅವರ ಡಾಕ್ಟರ ಹತ್ತಿರ ಕಳಿಸಿ.